ಸಿರಿಂಜ್ ತೂಗಿ ಹವಳದ ನೀರು ಅಳೆದದ್ದು: ನನ್ನ ಅನುಭವ

ಹುದ್ದೆ ಸಿಕ್ಕಿತು, ಆಸಿಡ್ ಹನಿ ಹನಿ ಹಾಕಿ ಅಳೆಯುವ ಯಂತ್ರ, ಅಂದರೆ ಟೈಟ್ರೇಟರ್, ಸಿಗಲಿಲ್ಲ. ಲಕ್ಷದ್ವೀಪದ ಹವಳದ ದಿಬ್ಬಗಳ ನೀರಿನಲ್ಲಿ ಟೋಟಲ್ ಆಲ್ಕಲಿನಿಟಿ, ಅಂದರೆ ನೀರು ಎಷ್ಟು ಆಸಿಡ್ ತಡೆದುಕೊಳ್ಳುತ್ತದೆ ಎಂಬುದನ್ನು, ಅಳೆಯಬೇಕು ಎಂದು ಆರ್ಡರಿನಲ್ಲಿ ಇತ್ತು. ಫೆಲೋಶಿಪ್ ತಿಂಗಳಿಗೆ 37,000. ಅದು ಬರುವುದೂ ಮೂರ್ನಾಲ್ಕು ತಿಂಗಳಿಗೊಮ್ಮೆ, ಗಂಟು ಕಟ್ಟಿ. ಆಟೋ ಟೈಟ್ರೇಟರಿನ ಕೊಟೇಶನ್ ಎಂಟು ಲಕ್ಷದ ಆಸುಪಾಸು. ಉಪಕರಣಕ್ಕೆಂದು ಉಳಿದದ್ದು ಒಂದು ಲಕ್ಷವೂ ಇಲ್ಲ.

ಸಿರಿಂಜಿನಲ್ಲಿ ಆಸಿಡ್ ತುಂಬಿ, ತೂಕ ನೋಡಿಕೊಂಡು ಟೈಟ್ರೇಟ್ ಮಾಡುತ್ತೇನೆ ಎಂದಾಗ ಕಮಿಟಿಯಲ್ಲಿ ನಕ್ಕರು. "ಅದು ಬಿಎಸ್ಸಿ ಪ್ರಾಕ್ಟಿಕಲ್ ಅಲ್ವಾ?" ಎಂದರು ಒಬ್ಬರು. ತೆರೆದ ಬೀಕರಿನಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ ಎಂಬುದು ಇನ್ನೊಬ್ಬರ ತಕರಾರು. ಹಾರಲಿ. ಆ ಅನಿಲ ಬಂದರೂ ಹೋದರೂ ಆಲ್ಕಲಿನಿಟಿ ಕದಲುವುದಿಲ್ಲ. ನಾನಂತೂ ಅದನ್ನು ಮೀನಿನ ತೊಟ್ಟಿಯ ಪಂಪ್ ಇಟ್ಟು ಓಡಿಸುತ್ತೇನೆ.

ನೂರು ಗ್ರಾಂ ಸಮುದ್ರದ ನೀರಿಗೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 2.3 ಗ್ರಾಂ ಬೇಕು. ನಾಲ್ಕು ದಶಾಂಶ ತೋರಿಸುವ ಬ್ಯಾಲೆನ್ಸ್ ಯಾವ ಲ್ಯಾಬಿನಲ್ಲಿ ಇಲ್ಲ ಹೇಳಿ? ಬ್ಯುರೆಟ್ಟಿನ ಗೆರೆಗೆ ಕಣ್ಣು ಕಿರಿದು ಮಾಡುವುದಕ್ಕಿಂತ ಅದು ಎಷ್ಟೋ ಮೇಲು. ಆಸಿಡ್ಡನ್ನು 0.6 ಮೋಲಾರ್ ಉಪ್ಪಿನ ನೀರಿನಲ್ಲಿ ಮಾಡಿ. ಪಿಎಚ್ 3.6ರ ತನಕ ಒಂದೇ ಸಲಕ್ಕೆ ಹಾಕಿ, ಹತ್ತು ನಿಮಿಷ ಗಾಳಿ ಬಿಡಿ. ಮತ್ತೆ 3.0ರ ತನಕ ಸಣ್ಣ ಸಣ್ಣ ಹನಿ. ಪ್ರತಿ ಹನಿಗೂ ಸಿರಿಂಜ್ ತೂಗಿ, ಪಿಎಚ್ ಇಲೆಕ್ಟ್ರೋಡ್ ತೋರಿಸುವ ಮಿಲಿವೋಲ್ಟ್ ಬರೆದುಕೊಳ್ಳಿ. ಉಳಿದದ್ದು ಗ್ರಾನ್ ಲೆಕ್ಕ, ಅಂದರೆ ಆ ಅಂಕಿಗಳನ್ನು ಒಂದು ನೇರ ಗೆರೆಗೆ ಕೂರಿಸಿ ಆಲ್ಕಲಿನಿಟಿ ತೆಗೆಯುವುದು. ಸಿರಿಂಜಿನ ತುದಿ ಮಾತ್ರ ಮುಖ್ಯ. ಅಲ್ಲಿ ಹನಿ ನೇತಾಡಿದರೆ ಎಲ್ಲ ಕೆಟ್ಟಿತು. ನಾನು ಅಲ್ಲಿಗೆ ಏನು ಸಿಕ್ಕಿಸಿದ್ದೇನೆ ಎಂದು ಸದ್ಯಕ್ಕೆ ಹೇಳುವುದಿಲ್ಲ, ಪೇಪರ್ ಹೊರಗೆ ಬರಲಿ.

ಮೊದಲ ಮಳೆಗಾಲ ಪೂರ್ತಿ ನೀರಿನಲ್ಲಿ ಹೋಯಿತು. ಒಂದೇ ಕ್ಯಾನಿನ ನೀರು ಒಂದು ದಿನ ಕಿಲೋಗೆ 2280 ಮೈಕ್ರೋಮೋಲ್, ಇನ್ನೊಂದು ದಿನ 2310. ಹವಳದ ಕೆಲಸಕ್ಕೆ, ಒಂದೇ ನೀರನ್ನು ಮತ್ತೆ ಮತ್ತೆ ಅಳೆದರೆ ಅಂಕಿ ಮೂರು ಮೈಕ್ರೋಮೋಲಿನ ಒಳಗೆ ನಿಲ್ಲಬೇಕು. ಹೊಸದೆಂದು ಮಾರಿದ ಇಲೆಕ್ಟ್ರೋಡ್ ಹಳೇ ಸ್ಟಾಕ್ ಆಗಿತ್ತು, ಆರೇಳು ಸಾವಿರ ಹೋಯಿತು. ಬದಲಿಸಿ ಕೊಡಲಿಲ್ಲ. ಸ್ಟಿರರ್ ಬಿಸಿಯಾಗಿ ಬೀಕರಿನ ನೀರನ್ನೂ ಕಾಯಿಸುತ್ತಿತ್ತು. ಮೀನಿನ ಥರ್ಮೋಕೋಲ್ ಪೆಟ್ಟಿಗೆ ತಂದು, ತೊಳೆದು, ಅದರಲ್ಲಿ ನೀರು ನಿಲ್ಲಿಸಿ ಬೀಕರ್ ಇಟ್ಟ ಮೇಲೆ ಆ ಕಾಟ ತಪ್ಪಿತು. ವಾಸನೆ ಹೋಗಲು ತಿಂಗಳು ಹಿಡಿಯಿತು, ಅದು ಬೇರೆ ಮಾತು.

ತುಂಬಾ ಸತಾಯಿಸಿದ್ದು ಆಸಿಡ್ ಬಾಟಲಿ. ಹಗಲಿನ ಸೆಕೆಗೆ ಒಳಗಿನ ನೀರು ಆವಿಯಾಗಿ, ರಾತ್ರಿ ತಂಪಿಗೆ ಬಾಟಲಿಯ ಮೇಲ್ಭಾಗದಲ್ಲಿ ಹನಿಗಟ್ಟುತ್ತದೆ. ಬೆಳಗ್ಗೆ ಹಾಗೇ ತೆಗೆದರೆ ಕೆಳಗಿನ ಆಸಿಡ್ ಸ್ವಲ್ಪ ಗಟ್ಟಿ, ಕಡಿಮೆಯೇ ಸಾಕಾಗಿ ಆಲ್ಕಲಿನಿಟಿಯ ಲೆಕ್ಕ ಕಡಿಮೆ ಬರುತ್ತದೆ. ದಿನಾ ಬೆಳಗ್ಗೆ ಬಾಟಲಿ ಚೆನ್ನಾಗಿ ಕುಲುಕಬೇಕು, ಅಷ್ಟೇ.

ರೆಫರೆನ್ಸ್ ನೀರು, ಅಂದರೆ ಆಲ್ಕಲಿನಿಟಿ ಎಷ್ಟೆಂದು ಮೊದಲೇ ಗೊತ್ತಿರುವ ನೀರು, ಅಮೆರಿಕದ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆಯಿಂದ, ಡಿಕ್ಸನ್ ಎಂಬ ವಿಜ್ಞಾನಿಯ ಲ್ಯಾಬಿನದ್ದು. ಕೋವಿಡ್ ಹೊತ್ತಿಗೆ ಅದಕ್ಕೆ ಲೋಕವಿಡೀ ತತ್ವಾರ ಆಗಿತ್ತು. ಅರ್ಧ ಲೀಟರ್ ಬಾಟಲಿಯಲ್ಲಿ ನಾಲ್ಕು ಸಲ ಅಳೆಯಬಹುದು. ದಿನಾ ಅದನ್ನೇ ಬಳಸಲು ನಮಗೆಲ್ಲಿ ತಾಕತ್ತು? ಅದಕ್ಕೆ ಕಾಸರಗೋಡು ಕಸಬದ ದೋಣಿಯವರಿಗೆ ಐನೂರು ಕೊಟ್ಟು, ಬೇಸಿಗೆಯಲ್ಲಿ ದೂರದ ಸಮುದ್ರದಿಂದ ಎರಡು ಕ್ಯಾನ್ ನೀರು ತರಿಸಿದೆ. "ಉಪ್ಪುನೀರಿಗೂ ದುಡ್ಡಾ ಮಾರಾಯ್ರೆ?" ಎಂದು ಅವರಿಗೆ ನಗು. ಸೋಸಿ, ಒಳಗೆ ಏನೂ ಬೆಳೆಯದ ಹಾಗೆ ಮರ್ಕ್ಯುರಿಕ್ ಕ್ಲೋರೈಡ್ ಹಾಕಿ ಇಟ್ಟೆ. ಅದರ ಆಲ್ಕಲಿನಿಟಿ ಎಷ್ಟೆಂದು ಗೊತ್ತು ಮಾಡಿಕೊಂಡದ್ದು ಸ್ಕ್ರಿಪ್ಸ್ ನೀರಿಗೆ ಹೋಲಿಸಿ. ಆಮೇಲೆ ದಿನಾ ಓಡಿಸಿದ್ದು ಅದೇ.

ಕೊನೆಗೆ ಒಂದಷ್ಟು ಜೋಡಿ ಬಾಟಲಿಗಳನ್ನು ದೊಡ್ಡ ಮೆಷಿನ್ ಇರುವ ಕಡೆಗೆ ಕಳಿಸಿದೆ. ಅವರ ಅಂಕಿಗೂ ನನ್ನದಕ್ಕೂ ವ್ಯತ್ಯಾಸ ಜಾಸ್ತಿ ಎಂದರೆ ನಾಲ್ಕು. ಬಿಎಸ್ಸಿ ಪ್ರಾಕ್ಟಿಕಲ್ ಎಂದವರು ಈಗ ತಮ್ಮ ವಿದ್ಯಾರ್ಥಿಗೆ ನನ್ನ ಸೆಟಪ್ಪಿನ ಫೋಟೋ ಕೇಳಿದ್ದಾರೆ. ಕೊಟ್ಟೆ. ಸಿರಿಂಜಿನ ತುದಿ ಕಾಣದ ಹಾಗೆ ತೆಗೆದದ್ದು.

ದ್ವೀಪದ ಕೆಲಸದಲ್ಲಿ ಕಷ್ಟ ಓಡಾಟದ್ದೇ. 1956ರ ತನಕ ಲಕ್ಷದ್ವೀಪದ ಅಮಿನಿ, ಕಡಮತ್ ದ್ವೀಪಗಳೆಲ್ಲ ನಮ್ಮ ಕಾಸರಗೋಡಿನ ಜೊತೆಗೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದ್ದವು. ಈಗ ಪರ್ಮಿಟ್ ಮಾಡಿಸಿ, ರೈಲಿನಲ್ಲಿ ಕೊಚ್ಚಿಗೆ ಇಳಿದು, ಅಲ್ಲಿಂದ ಹಡಗು. ಅಷ್ಟೆಲ್ಲ ಓಡಾಡಿ ಅಳೆಯುವುದು ಯಾಕೆಂದರೆ, ಹವಳ ಒಂದು ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿದರೆ ನೀರಿನ ಆಲ್ಕಲಿನಿಟಿ ಎರಡು ಮೋಲ್ ಇಳಿಯುತ್ತದೆ. ಹೊರಸಮುದ್ರಕ್ಕೂ ದಿಬ್ಬದ ಒಳಗಿನ ಲಗೂನಿಗೂ ಹಗಲಿನಲ್ಲಿ ಮೂವತ್ತು ನಲ್ವತ್ತರ ಅಂತರ ಸಿಗುತ್ತಿತ್ತು. 2024ರ ಬಿಸಿಗೆ ಹವಳ ಬಿಳಿಚಿದ ಮೇಲೆ ಅದೇ ಜಾಗದಲ್ಲಿ ಹತ್ತರ ಹತ್ತಿರ. ಮೂರರೊಳಗೆ ನಿಲ್ಲದ ಸೆಟಪ್ ಆಗಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ. ಉಳಿದದ್ದು ಪೇಪರಿನಲ್ಲಿ.

ನಡುವೆ ಒಂದು ಸುಮ್ನೆ ಮಾಡಿದ ಪ್ರಯೋಗ. ಬದಿಯಡ್ಕದ ಮಾವನ ಅಡಿಕೆ ತೋಟಕ್ಕೆ ಕೊಳೆರೋಗ. ಅದಕ್ಕೆ ಹೊಡೆಯುವುದು ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. "ಈ ವರ್ಷ ಬೋರ್ಡೋ ಎಂತಕ್ಕೂ ಸರಿ ಬರ್ತಾ ಇಲ್ಲ, ನಿನ್ನ ಆಸಿಡ್ಡಿನಲ್ಲಿ ಈ ಸುಣ್ಣ ನೋಡು" ಎಂದರು. ಸಕ್ಕರೆ ನೀರಿನಲ್ಲಿ ಸುಣ್ಣ ಕದಡಿ, ಫಿನಾಲ್ಫ್ಥಲೀನ್ ಹಾಕಿ ನೋಡಿದೆ. ಹಳೇ ಚೀಲದ್ದರಲ್ಲಿ ಸತ್ವ ಅರ್ಧವೂ ಇರಲಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕುಡಿದು ಅದು ಮತ್ತೆ ಕಾರ್ಬೊನೇಟ್ ಆಗಿತ್ತು. ಅದನ್ನು ಕಿಲೋಗೆ ಕಿಲೋ ಎಂದು ಮೈಲುತುತ್ತಿಗೆ ಸೇರಿಸಿದರೆ ಹೇಗೆ ಸಾಕಾಗುತ್ತದೆ? ಹೊಸ ಚಿಪ್ಪಿನ ಸುಣ್ಣ ತರಿಸಿದರು. ಈಗ ಮಳೆ ಹಿಡಿಯುವ ಮೊದಲು ಆ ಕಡೆಯ ನೆಂಟರೆಲ್ಲ ಸುಣ್ಣದ ಪೊಟ್ಟಣ ಕಳಿಸುತ್ತಾರೆ.

ಒಟ್ಟು ಖರ್ಚು ನಲ್ವತ್ತೈದು ಸಾವಿರದ ಹತ್ತಿರ, ಅರ್ಧಕ್ಕರ್ಧ ಇಲೆಕ್ಟ್ರೋಡಿಗೇ. ಮುಂದೆ ಪಿಎಚ್ಚನ್ನು ಮೆಟಾ ಕ್ರೆಸಾಲ್ ಪರ್ಪಲ್ ಎಂಬ ಡೈ ಹಾಕಿ, ಅದರ ಬಣ್ಣವನ್ನು 434 ಮತ್ತು 578 ನ್ಯಾನೋಮೀಟರಿನ ಬೆಳಕಿನಲ್ಲಿ ಓದುವ ಯೋಚನೆ. ಶುದ್ಧ ಡೈಯ ಬೆಲೆ ಕೇಳಿ ಸದ್ಯ ಸುಮ್ಮನಿದ್ದೇನೆ. ಮುಂದಿನ ಕಂತು ಬಂದರೆ ತರಿಸುತ್ತೇನೆ.