ಸಭೆಯ ಹಾಡಿಗೆ ನಮ್ಮದೇ ಧಾಟಿ ಹುಡುಕಿದ್ದು

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮ ಚರ್ಚಿನ ಸಭೆಯ ಕ್ವಾಯರ್, ಅಂದರೆ ಹಾಡುವ ತಂಡ, ನೋಡಿಕೊಳ್ಳಲು ಶುರು ಮಾಡಿ ಹದಿನೈದು ವರ್ಷವಾಯಿತು. ಲಗ್ನದ ಸೀಸನ್‌ನಲ್ಲಿ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸುತ್ತೇನೆ, ಭಾನುವಾರ ಆರಾಧನೆಗೆ ಹಾರ್ಮೋನಿಯಂ. ಮೊದಲ ಐದಾರು ವರ್ಷ ನಾನು ಕಟ್ಟಿದ ಹಾಡುಗಳಲ್ಲಿ ಜಾಸ್ತಿಯವು ಸಿನಿಮಾ ಟ್ಯೂನಿಗೆ ಯೇಸುವಿನ ಮಾತು ಕೂಡಿಸಿದವು. ಒಂದು ಕ್ರಿಸ್‌ಮಸ್ ಪ್ರಾಕ್ಟೀಸಿನಲ್ಲಿ ಸಂಡೇ ಸ್ಕೂಲಿನ ಹುಡುಗಿಯೊಬ್ಬಳು, "ಅಣ್ಣಾ, ಇದು ಪಿಕ್ಚರ್ ಹಾಡಲ್ಲೇನ್ರಿ?" ಎಂದು ಕೇಳಿದಳು. ಅವಳು ಸುಮ್ನೆ ಕೇಳಿದ್ದು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಹೊರಗೆ ಭಾವಗೀತೆಗೆ ರಾಗ ಹಾಕಿ ಗೆಳೆಯರ ಮುಂದೆ ಹಾಡಿದರೆ, ಎಲ್ಲಿಂದಲೋ ಎತ್ತಿದ್ದಾದರೆ ಮೊದಲ ಸಾಲಿಗೇ ಹಿಡಿಯುತ್ತಾರೆ. ಇದು ಧಾರವಾಡ, ಗದಗಿನ ಸೀಮೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರನ್ನು ಕೇಳಿದ ಕಿವಿಗಳು. ಸಭೆಯಲ್ಲಿ ಹಾಗಲ್ಲ. ಮಾತು ದೇವರದ್ದು, ಹಾಗಾಗಿ ಧಾಟಿಯನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಆ ಪ್ರೀತಿಯಲ್ಲೇ ನಾನು ಸೋಮಾರಿಯಾದೆ.

ಧಾಟಿ ಎರವಲು ತರುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಜರ್ಮನಿಯ ಹ್ಯಾನ್ಸ್ ಲಿಯೋ ಹ್ಯಾಸ್ಲರ್ 1601ರಲ್ಲಿ ಅಚ್ಚು ಹಾಕಿಸಿದ ಪ್ರೇಮಗೀತೆಯೊಂದರ ಧಾಟಿಯೇ ಮುಂದೆ ಶಿಲುಬೆಯ ಹಾಡಾಯಿತು. ಜರ್ಮನಿಯ ಸಂಗೀತಗಾರ ಬಾಕ್, ಮತ್ತಾಯನ ಸುವಾರ್ತೆಯಲ್ಲಿರುವ ಯೇಸುವಿನ ಯಾತನೆಯ ಕಥೆಯನ್ನು ಹಾಡಾಗಿ ಕಟ್ಟಿದ ತನ್ನ ಮತ್ತಾಯನ ಪ್ಯಾಷನ್‌ನಲ್ಲಿ ಅದನ್ನು ಐದು ಸಲ ತರುತ್ತಾನೆ, ಸಂದರ್ಭ ನೋಡಿ ಹಾರ್ಮನಿ (ಧಾಟಿಯ ಜೊತೆಗೆ ಕೂಡುವ ಸ್ವರಗಳು) ಬದಲಿಸುತ್ತಾನೆ. ತಂದದ್ದರ ಮೇಲೆ ಅಷ್ಟು ದುಡಿದಿದ್ದಾನೆ. ನಾನು ಮಾಡಿದ್ದು ಬರೀ ಎತ್ತಿಕೊಂಡು ಬಂದದ್ದು.

ಆಮೇಲೆ ಬೈಬಲ್ಲಿನ ಇಪ್ಪತ್ತಮೂರನೇ ಕೀರ್ತನೆ ಹಿಡಿದು ಕೂತೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಇಂಗ್ಲಿಷ್ ಧಾಟಿಗೆ ಕೂಡಿಸಿದಾಗಲೆಲ್ಲ ಅದು "ಕುರೂಬನು" ಆಗಿಬಿಡುತ್ತಿತ್ತು. ಹ್ರಸ್ವ ಎಳೆದರೆ ಕನ್ನಡ ಕನ್ನಡದಂತೆ ಕೇಳುವುದಿಲ್ಲ, ಅಲ್ವಾ? ಈ ಸಲ ಹಾರ್ಮೋನಿಯಂ ಮುಚ್ಚಿಟ್ಟು ಸಾಲನ್ನು ಬರೀ ಓದಿದೆ, ಬೆರಳಲ್ಲಿ ಮಾತ್ರೆ ಎಣಿಸಿದೆ. ಯೆಹೋವನು ಐದು, ನನಗೆ ಮೂರು. ಒಟ್ಟು ಎಂಟು, ಎಂಟು ಮಾತ್ರೆಯ ಕೆಹರ್ವಾ ತಾಳದ ಸರಿಯಾದ ಒಂದು ಸುತ್ತು! ಕುರುಬನು ನಾಲ್ಕು, ಉಳಿದ ನಾಲ್ಕು ಖಾಲಿ. ಕೊರತೆಪಡೆನು ಆರು, ಎರಡು ಉಸಿರಿಗೆ. ತಾಳ ಆ ಸಾಲಿನಲ್ಲೇ ಇತ್ತು. ಇಷ್ಟು ವರ್ಷ ನಾನು ಕೇಳಿಸಿಕೊಂಡಿರಲಿಲ್ಲ.

ಖಾಲಿ ನಾಲ್ಕು ಮಾತ್ರೆಗೆ ಏನೂ ತುಂಬಲಿಲ್ಲ. ಕುರಿ ಹಿಂಡು ದಾಟಲಿ ಎಂದು ಗದಗ ರಸ್ತೆಯಲ್ಲಿ ಬಸ್ಸು ನಿಲ್ಲುತ್ತದಲ್ಲ, ಆಗ ಕುರುಬ ಅವಸರ ಮಾಡುವುದಿಲ್ಲ. ಹಾಡೂ ಹಾಗೇ ಸ್ವಲ್ಪ ನಿಂತು ಮುಂದೆ ಹೋಗಲಿ ಅನ್ನಿಸಿತು.

ರಾಗಕ್ಕೆ ಮೊದಲು ಭೈರವಿಗೇ ಕೈ ಹೋಯಿತು. ಭಕ್ತಿ ಅಂದ ಕೂಡಲೇ ಎಲ್ಲರೂ ಹೋಗುವುದು ಅಲ್ಲಿಗೇ. ಬಿಟ್ಟೆ. ಆರಾಧನೆ ಬೆಳಗಿನದು, ಆದ್ದರಿಂದ ಬೆಳಗಿನ ಅಲ್ಹೈಯಾ ಬಿಲಾವಲ್ ತೆಗೆದುಕೊಂಡೆ. ಹೆಚ್ಚೂಕಡಿಮೆ ಎಲ್ಲಾ ಶುದ್ಧ ಸ್ವರ, ಹುಡುಗರ ಗಿಟಾರ್ ಕಾರ್ಡ್‌ಗಳೂ ಒಗ್ಗುತ್ತವೆ. ಇಳಿಯುವಾಗ ಎರಡು ಸಲ ಬರುವ ಧೈವತದ (ದ ಸ್ವರ) ನಡುವೆ ಕೋಮಲ ನಿಷಾದ, ಅಂದರೆ ತುಸು ತಗ್ಗಿದ ನಿ ಸ್ವರ, ಸ್ವಲ್ಪ ತಾಗುತ್ತದೆ. ಅದನ್ನು "ಕೊರತೆ" ಅನ್ನುವ ಮಾತಿಗೆ ಮಾತ್ರ ಇಟ್ಟೆ. ಇಡೀ ಹಾಡಿನಲ್ಲಿ ಬೇರೆಲ್ಲೂ ಇಲ್ಲ. ಎರಡು ಸಾಲಿಗೆ ಮೂರು ತಿಂಗಳು ಹಿಡಿಯಿತು.

ಕನ್ನಡ ನಿಘಂಟು ಮಾಡಿದ ಪಾದ್ರಿ ಕಿಟೆಲ್ 1862ರಲ್ಲೇ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಪದ್ಯವಾಗಿ ಕನ್ನಡದಲ್ಲಿ ಬರೆದರು. ಜರ್ಮನಿಯಿಂದ ಬಂದವರು ಅಷ್ಟು ಕಷ್ಟಪಟ್ಟರು, ಇಲ್ಲೇ ಹುಟ್ಟಿದ ನಾನು ಮೂರು ತಿಂಗಳು ಕೊಡುವುದು ಏನು ದೊಡ್ಡದು.

ಮೊದಲ ಭಾನುವಾರ ಸಭೆ ತಡವರಿಸಿತು. ಖಾಲಿ ಜಾಗದಲ್ಲಿ ಅರ್ಧ ಜನ ಮುಂದಿನ ಸಾಲಿಗೆ ನುಗ್ಗಿದರು. ಮೂರನೇ ವಾರ ಹಿಂದಿನ ಬೆಂಚಿನ ಅಜ್ಜಿಯೊಬ್ಬರು ಆ ನಾಲ್ಕು ಮಾತ್ರೆಗೆ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಈಗ ಎಲ್ಲರೂ ಅಲ್ಲೇ ತಟ್ಟುತ್ತಾರೆ.