ಎಂಟೂವರೆಗೆ ಶುರುವಾಗುವ ದಿನ: ಪಾಂಡಾಸ್‌ನಲ್ಲಿ ಮಳೆ ಲೆಕ್ಕ

ನಮ್ಮ ಕಾಫಿ ತೋಟದ ಮಳೆಮಾಪಕ 15 ನಿಮಿಷಕ್ಕೊಮ್ಮೆ ಬಿದ್ದ ಮಳೆಯನ್ನು ದಾಖಲಿಸುತ್ತದೆ. ಅದನ್ನು ದಿನದ ಲೆಕ್ಕಕ್ಕೆ ತರಲು ನಾನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದತ್ತಾಂಶದ ಲೆಕ್ಕಕ್ಕೆಂದು ಇರುವ ಪಾಂಡಾಸ್ ಲೈಬ್ರರಿ ಬಳಸುತ್ತೇನೆ.

ಫೈಲಿನಲ್ಲಿ 05-04-2024 ಅಂತಿದ್ದರೆ ನಮಗದು ಏಪ್ರಿಲ್ 5. ಪಾಂಡಾಸ್ ಅದನ್ನು ಮೇ 4 ಅಂತ ಓದುತ್ತದೆ. 13ನೇ ತಾರೀಖು ಬಂದಾಗ ಹೊಸ ಆವೃತ್ತಿಗಳು ಎರರ್ ಕೊಡುತ್ತವೆ, ಆದರೆ ಫೈಲಿನಲ್ಲಿ ಮೊದಲ 12 ದಿನವಷ್ಟೇ ಇದ್ದರೆ ಗೊತ್ತೇ ಆಗುವುದಿಲ್ಲ. ಅದಕ್ಕೇ ದಿನ-ತಿಂಗಳು-ವರ್ಷ ಅಂತ ಫಾರ್ಮ್ಯಾಟ್ ನಾನೇ ಕೊಟ್ಟುಬಿಡುತ್ತೇನೆ.

ಜಾಸ್ತಿ ಯೋಚಿಸಬೇಕಾದದ್ದು ದಿನ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು. ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ಅಳೆಯುತ್ತದೆ. ಹಿಂದಿನ 24 ಗಂಟೆಯ ಮಳೆ ಆ ತಾರೀಖಿಗೆ ಸೇರುತ್ತದೆ. ನನಗೂ ಇದೇ ಸರಿ ಅನಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಹಿಡಿದು ಎರಡಕ್ಕೆ ಬಿಡುವ, ಕಾಫಿ ಹೂ ಅರಳಿಸುವ ಹೂಮಳೆಯನ್ನು ನಡುರಾತ್ರಿಗೆ ಕತ್ತರಿಸಿದರೆ ಒಂದು ಒಳ್ಳೆ ಮಳೆ ಎರಡು ತುಂತುರಾಗಿ ಕಾಣುತ್ತದೆ, ಅಲ್ವಾ?

ಇದಕ್ಕೆ ದಾಖಲೆಗಳನ್ನು ಸಮಾನ ಅವಧಿಗಳಾಗಿ ಗುಂಪು ಮಾಡುವ ರೀಸ್ಯಾಂಪಲ್ ಸಾಕು. ಅವಧಿ 24 ಗಂಟೆ, ಆಫ್‌ಸೆಟ್ (ದಿನದ ಶುರುವನ್ನು ನಡುರಾತ್ರಿಯಿಂದ ಎಷ್ಟು ಸರಿಸಬೇಕು ಅನ್ನುವುದು) ಎಂಟೂವರೆ ಗಂಟೆ. ಜೊತೆಗೆ ಕ್ಲೋಸ್ಡ್ (ಅವಧಿಯ ಯಾವ ತುದಿಯ ದಾಖಲೆ ಅದರೊಳಗೆ ಸೇರಬೇಕು) ಮತ್ತು ಲೇಬಲ್ (ಯಾವ ತುದಿಯ ತಾರೀಖು ಹಾಕಬೇಕು) ಎರಡನ್ನೂ 'ರೈಟ್', ಅಂದರೆ ಕೊನೆಯ ತುದಿ, ಮಾಡಬೇಕು. 8:30ರ ದಾಖಲೆಯಲ್ಲಿ ಇರುವುದು 8:15ರಿಂದ ಬಿದ್ದ ಮಳೆ, ಹಾಗಾಗಿ ಅದು ಮುಗಿದ ದಿನಕ್ಕೇ ಸೇರಬೇಕು. ಸುಮ್ನೆ ಬಿಟ್ಟರೆ ಪಾಂಡಾಸ್ ಅದನ್ನು ಮುಂದಿನ ದಿನಕ್ಕೆ ಹಾಕುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಬ್ಯಾಟರಿ ಹೋಗಿ ಒಂದಿಡೀ ದಿನ ದಾಖಲೆಯೇ ಇಲ್ಲದಿದ್ದರೂ ಮೊತ್ತ ಹಾಕುವ ಸಮ್ ಆ ದಿನಕ್ಕೆ ಸೊನ್ನೆ ಬರೆಯುತ್ತದೆ. ಮಳೆ ಬರಲಿಲ್ಲ ಅನ್ನುವುದೇ ಬೇರೆ, ಅಳೆಯಲಿಲ್ಲ ಅನ್ನುವುದೇ ಬೇರೆ. ದಿನಕ್ಕೆ 96 ದಾಖಲೆ ಇರಬೇಕು. ಸಮ್‌ನಲ್ಲಿ ಮಿನ್-ಕೌಂಟ್ (ಕನಿಷ್ಠ ಎಷ್ಟು ದಾಖಲೆ ಬೇಕು) 96 ಅಂತ ಕೊಟ್ಟರೆ ಒಂದು ಕಡಿಮೆಯಾದರೂ ಆ ದಿನ ಖಾಲಿ ಉಳಿಯುತ್ತದೆ. ಇದು ಸ್ವಲ್ಪ ಕಟ್ಟುನಿಟ್ಟು ಅನಿಸಬಹುದು, ಆದರೂ ನಾನು ಸಡಿಲಿಸುವುದಿಲ್ಲ.

ಕೊನೆಗೆ ಮಳೆಯಿಲ್ಲದ ದಿನಗಳ ಲೆಕ್ಕ. 2.5 ಮಿಲಿಮೀಟರ್ ಅಥವಾ ಜಾಸ್ತಿ ಬಿದ್ದ ದಿನಗಳನ್ನಷ್ಟೇ ಇಟ್ಟುಕೊಂಡು ತಾರೀಖುಗಳ ಮೇಲೆ ಡಿಫ್ (ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸ) ಹಾಕುತ್ತೇನೆ. ಸಿಗುವುದು ಟೈಮ್‌ಡೆಲ್ಟಾ, ಅಂದರೆ ಎರಡು ತಾರೀಖುಗಳ ನಡುವಿನ ಅಂತರ. 5 ದಿನ ಅಂತ ಬಂದರೆ ನಡುವೆ ಒಣಗಿದ್ದು 4 ದಿನ. ಖಾಲಿ ದಿನಗಳೂ ಈ ಸೋಸುವಿಕೆಯಲ್ಲಿ ಬಿದ್ದುಹೋಗುತ್ತವೆ. ಆದ್ದರಿಂದ ನಡುವೆ ಖಾಲಿ ದಿನ ಸಿಕ್ಕಿದ ಅಂತರಗಳನ್ನು ಪಟ್ಟಿಯಿಂದ ತೆಗೆದೇ ಮುಂದೆ ಹೋಗುತ್ತೇನೆ.