ಒಂದು ಕೇಜಿ ಹೈಡ್ರೋಜನ್ ಲೆಕ್ಕಕ್ಕ ಕುಂತಾಗ

ಗಿಣಿಗೇರಿ ಕಡೆ ಸ್ಟೀಲ್ ಪಟ್ಟಿ ಮಾಡೋ ಫ್ಯಾಕ್ಟರಿಯಾಗ ಇದೀನ್ರಿ. ಪಟ್ಟಿ ಕಾಸಿ ಮೆತ್ತಗ ಮಾಡೋ ನಮ್ಮ ಅನೀಲಿಂಗ್ ಫರ್ನೇಸಿಗೆ ಹೈಡ್ರೋಜನ್ ಬೇಕು, ಈಗ ಸಿಲಿಂಡರ್ ಲಾರಿಯಾಗ ಬರತೈತಿ. "ನಾವ ಮಾಡ್ಕೊಂಡ್ರ ಎಷ್ಟು ಬೀಳತೈತಿ ನೋಡಪಾ" ಅಂದ್ರು ಸಾಹೇಬ್ರು, ನಾ ಎಕ್ಸೆಲ್ ತಗದು ಕುಂತೆ.

ಕರೆಂಟಲೆ ನೀರು ಒಡದು ಹೈಡ್ರೋಜನ್ ತಗಿಯೋ ಮಷೀನು, ಎಲೆಕ್ಟ್ರೊಲೈಜರ್ ಅಂತಾರ, ಅದಕ್ಕ ಒಂದು ಕೇಜಿಗೆ ಸುಮಾರು 55 ಯೂನಿಟ್ ಕರೆಂಟ್ ಬೇಕು, ಸೋಲಾರ್ ₹4 ಹಿಡಿದ್ರ ₹220. 1 ಮೆಗಾವಾಟ್ ಮಷೀನಿಗೆ 6 ಕೋಟಿ ಅಂತ ನನ್ನ ಅಂದಾಜು, ಬಡ್ಡಿ ಸವಕಳಿ ಸೇರಿ ವರ್ಷಕ್ಕ 12% ಹಿಡಿದ್ರ ಕೇಜಿಗೆ ₹45. ಒಟ್ಟು 265! ಖುಷಿಲೆ ತೋರ್ಸಾಕ ಹೋದ್ರ ಅಕೌಂಟ್ಸ್‌ನ ಕಾಕಾ ಒಬ್ರು ಕನ್ನಡಕ ಏರ್ಸಿ, "ತಮ್ಮಾ, ರಾತ್ರಿ ಬಿಸಿಲು ಯಾವ ಊರಾಗ ಬೀಳತೈತೋ?" ಅಂದ್ರು. ಮಾನ ಹೋತು. ರೇಟ್ ಸೋಲಾರಿಂದು ಹಾಕಿ ತಾಸು ಮಾತ್ರ ವರ್ಷದ 8760 ಪೂರಾ ಹಾಕಿದ್ದೆ. 25% ತಾಸು ಓಡಿದ್ರ ಆ 45 ಹೋಗಿ 181 ಆಗತೈತಿ, ಒಟ್ಟು 400 ದಾಟ್ತು.

ಗ್ರಿಡ್ ಕರೆಂಟಲೆ ಹಗಲು ರಾತ್ರಿ ಓಡಿಸಿದ್ರ? ₹7ರಂಗ ಕರೆಂಟಿಗೇ 385. ಮ್ಯಾಲೆ ನಮ್ಮ ದೇಶದ ಗ್ರಿಡ್ ಯೂನಿಟ್ಟಿಗೆ ಸುಮಾರು 0.7 ಕೇಜಿ ಕಾರ್ಬನ್ ಡೈಆಕ್ಸೈಡ್ ಬಿಡತೈತಿ, 55ಕ್ಕ ಗುಣಿಸಿದ್ರ ಒಂದು ಕೇಜಿ ಹೈಡ್ರೋಜನ್‌ಗೆ 38 ಕೇಜಿ. ಗ್ರೀನ್ ಅನ್ನಿಸ್ಕೊಳ್ಳಾಕ ಸರ್ಕಾರ 2023ರಾಗ ಇಟ್ಟ ಮಿತಿ 2 ಕೇಜಿ. ನೈಸರ್ಗಿಕ ಗ್ಯಾಸಿಂದ, ಹೊಗಿಯಾಗಿನ ಕಾರ್ಬನ್ ಏನೂ ಹಿಡೀದ ಮಾಡಿದ್ರೂ 9-10 ಅಷ್ಟ, ಅಂದ್ರ ಕಲ್ಲಿದ್ದಲೇ ಜಾಸ್ತಿ ಇರೋ ಗ್ರಿಡ್ ಕರೆಂಟಿಂದ ಮಾಡೋದು ಅದಕ್ಕಿಂತ ಹೊಲಸು!

ಗ್ಯಾಸಿಂದ ಹೈಡ್ರೋಜನ್ ತಗಿಯೋ ರಿಫಾರ್ಮರ್ ಜತಿ ಕಾರ್ಬನ್ ಹಿಡಿಯೋ ಪ್ಲಾಂಟ್ ಮಾರಾಕ ಒಬ್ಬ ಬಂದಿದ್ದ, "90% ಹಿಡಿತೀವಿ ಸರ್" ಅಂದ. ಹಿಡಿಬಹುದು, ಆದ್ರ ರಿಫಾರ್ಮರ್ ಒಳಗಿನ ಒತ್ತಡದ ಗ್ಯಾಸಿಂದ ತಗಿಯೋದು ಸಸ್ತಾ, ಚಿಮಣಿ ಹೊಗಿಯಿಂದ ತಗಿಯೋದ ತುಟ್ಟಿ, ಕಾರ್ಬನ್ ಹೀರೋ ಅಮೀನ್ ದ್ರಾವಣ ಮತ್ತ ಕಾಸಿ ಅದನ್ನ ಬಿಡಿಸಾಕ ಉಗಿ ಬೇಕು, ಉಗಿಗೆ ಮತ್ತ ಗ್ಯಾಸ್. ಹಿಡಿದಿದ್ದು ಎಲ್ಲಿ ಇಡ್ತೀರಿ ಅಂದ್ರ ಅವ ಫೋನ್ ನೋಡಾಕ ಹತ್ತಿದ. ಇಡಾಕ ಭೂಮ್ಯಾಗ ಸುಮಾರು 800 ಮೀಟರಿಗಿಂತ ಕೆಳಗ ರಂಧ್ರ ಇರೋ ಕಲ್ಲು, ಅದರ ಮ್ಯಾಲೆ ಮುಚ್ಚಳದಂಗ ಬಿಗಿ ಕಲ್ಲು ಬೇಕು. ನಮ್ಮಲ್ಲಿ ಇರೋದು ಹಂಪಿ ಕಡೆ ಕಾಣ್ತಾವಲ್ಲ ಅಂಥ ರಂಧ್ರ ಇಲ್ಲದ ಗಟ್ಟಿ ಬಂಡೆ.

ಈಗ ಕುಷ್ಟಗಿ ಕಡೆ ಗಾಳಿ ಫ್ಯಾನಿನ ಕರೆಂಟ್ ಕೂಡ್ಸಿ ಹಾಕೀನಿ. 60% ತಾಸು, ಯೂನಿಟ್ಟಿಗೆ ₹4.50 ಹಿಡಿದ್ರ ಕೇಜಿಗೆ 320ರ ಸುತ್ತ. ಆದ್ರ ಗಾಳಿ ಜೋರು ಮಳಿಗಾಲದಾಗ, ಬ್ಯಾಸಿಗ್ಯಾಗ ಹೆಂಗ ಅಂತ ಕಾಕಾ ಮತ್ತ ಕೇಳ್ಯಾರ. ಅದಕ್ಕ ಶೀಟಿನಾಗ ತಾಸಿಗೊಂದು ಸಾಲು ಮಾಡಿ ತುಂಬಾಕ ಹತ್ತೀನಿ, ಮಾರ್ಚ್ ತನಕ ಬಂದೀನಿ.